ಬಿಸಿಲಿಗಿಟ್ಟ ಮೀಟರ್

ನನ್ನ ಓರಗಿತ್ತಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಮುಚ್ಚಿಡುವುದೇಕೆ? ಮನೆಯಲ್ಲಿ ಅತ್ತೆಗೆ ಅವಳೇ ಮುದ್ದಿನ ಸೊಸೆ. ನಾವಿಬ್ಬರೂ ಗ್ಯಾಸ್ ಮೀಟರ್ ರಿಪೇರಿ ಮಾಡುವ ವರ್ಕ್‌ಶಾಪಿನಲ್ಲಿ ಸಾಹೇಬರ ಬಾಯಲ್ಲೂ ಅವಳದೇ ಜಪ. ಅವಳು ಮೀಟರಿಗೆ ಕಿವಿಯಿಟ್ಟು "ಒಳಗಿನ ತೊಗಲು ಬಿರುಸಾಗಿದೆ" ಎಂದರೆ ಮುಗಿಯಿತು, ಬಿಚ್ಚಿ ನೋಡಿದರೆ ಹಾಗೇ ಇರುತ್ತಿತ್ತು. ನಾನು ಕಿವಿಯಿಟ್ಟರೆ ಕೇಳುವುದು ನನ್ನ ಓಲೆಯ ಸದ್ದು ಮಾತ್ರ.

ಆ ಡಬ್ಬಿಯೊಳಗೆ ಅಂಥ ಮಾಯೆಯೇನಿಲ್ಲ. ತೊಗಲಿನ ಪರದೆಯ ಆಚೆಗೊಂದು ಕೋಣೆ, ಈಚೆಗೊಂದು ಕೋಣೆ. ಒಂದು ಗ್ಯಾಸ್ ತುಂಬಿಕೊಳ್ಳುವಾಗ ಇನ್ನೊಂದು ಖಾಲಿಯಾಗುತ್ತದೆ. ಎಷ್ಟು ಸಲ ತುಂಬಿ ಖಾಲಿಯಾಯಿತೆಂದು ಹಲ್ಲುಚಕ್ರಗಳು ಎಣಿಸಿ ಅಂಕಿ ತಿರುಗಿಸುತ್ತವೆ. ಪಾತ್ರೆಯಲ್ಲಿ ಅಳೆದಳೆದು ಸುರಿದ ಹಾಗೆ, ಅಷ್ಟೇ. ಅದಕ್ಕೆ ತೂಕ ಗೊತ್ತಿಲ್ಲ, ಎಷ್ಟು ಜಾಗ ತುಂಬಿತೆಂಬುದಷ್ಟೇ ಗೊತ್ತು. ಹಾಗಾಗಿ ಪರೀಕ್ಷೆಯ ಹೊತ್ತಿಗೆ ಡಬ್ಬಿ ಬಿಸಿಯಾಗಿದ್ದರೆ ಪರೀಕ್ಷೆಗೆಂದು ಒಳಬಿಟ್ಟ ಗಾಳಿ ಉಬ್ಬುತ್ತದೆ, ಮೀಟರ್ ಇದ್ದುದಕ್ಕಿಂತ ಹೆಚ್ಚು ತೋರಿಸುತ್ತದೆ.

ಪರೀಕ್ಷೆ ಮಾಡುವ ಮೇಜಿನ ಮೇಲ್ವಿಚಾರಕಿಯ ಕುರ್ಚಿ ಖಾಲಿಯಾಯಿತು. ಸಾಹೇಬರು ಇಬ್ಬರಿಗೂ ಒಂದೊಂದು ಮೀಟರ್ ಕೊಟ್ಟು, ಯಾರು ರಿಪೇರಿ ಮಾಡಿದ್ದು ಸರಿಯಾಗಿ ಅಳೆಯುತ್ತದೋ ಅವರಿಗೆ ಕುರ್ಚಿ ಎಂದರು. ಅವಳು ಊಟಕ್ಕೆ ಹೋದಾಗ ನಾನು ಅವಳ ಮೀಟರನ್ನು ಕಿಟಕಿಯ ಬಿಸಿಲಿಗೆ ಇಟ್ಟು, ಅವಳು ಬರುವಷ್ಟರಲ್ಲಿ ಮತ್ತೆ ಮೇಜಿಗೆ ತಂದಿಟ್ಟೆ. ಅಯ್ಯೋ ಪಾಪ ಅಂತಲೂ ಅನ್ನಿಸಲಿಲ್ಲ, ದೇವರಾಣೆ.

ಅವಳು ಪೈಪು ಜೋಡಿಸುವ ಮೊದಲು ಡಬ್ಬಿಯ ಮೇಲೆ ಅಂಗೈ ಇಟ್ಟಳು. ಕಿಟಕಿಯ ಕಡೆ ನೋಡಿದಳು. ಆಮೇಲೆ ನನ್ನ ಕಡೆ. ನಂತರ ಪೈಪನ್ನು ಕೆಳಗಿಟ್ಟು ಕುಳಿತಳು.

"ಯಾಕಮ್ಮ ತಡ?" ಎಂದರು ಸಾಹೇಬರು.

"ಬಿಸಿಯಾಗಿದೆ ಸಾರ್. ತಣ್ಣಗಾಗ್ಲಿ."

"ಬಿಸಿಲಲ್ಲಿ ಇಟ್ಟೋರು ಯಾರು?"

ನಾನು ನನ್ನ ಮೀಟರನ್ನು ಒರೆಸತೊಡಗಿದೆ.

"ನಾನೇ ಸಾರ್. ಮರೆತುಬಿಟ್ಟೆ," ಎಂದಳು ಅವಳು.

ಸಾಹೇಬರು ಏನನ್ನಾದರೂ ಸಹಿಸಿಯಾರು, ಅಜಾಗರೂಕತೆಯನ್ನಲ್ಲ. ಕುರ್ಚಿ ನನ್ನ ಪಾಲಾಯಿತು.

ಮನೆಗೆ ಹೋಗುವ ದಾರಿಯಲ್ಲಿ ತಡೆಯಲಾರದೆ ಕೇಳಿದೆ: "ಯಾಕಕ್ಕಾ ಸುಳ್ಳು ಹೇಳಿದ್ರಿ?"

"ನಿಜ ಹೇಳಿದ್ರೆ ನಿನ್ನ ಕೆಲಸಾನೇ ಹೋಗ್ತಿತ್ತಲ್ಲೇ. ಆಮೇಲೆ ಒಂದೇ ಅಡುಗೆಮನೇಲಿ ಮುಖ ಮುಖ ನೋಡ್ಕೊಂಡು ಹೇಗೆ ಇರೋದು? ಬಾ, ಹೊತ್ತಾಯ್ತು."

ಈಗ ಆ ಕುರ್ಚಿಯಲ್ಲಿ ಕುಳಿತು ಪ್ರತಿ ಮೀಟರಿನ ಮೇಲೂ ಮೊದಲು ಅಂಗೈ ಇಡುತ್ತೇನೆ. ಹೊಟ್ಟೆಕಿಚ್ಚು ಹೋಯಿತೇ ಎಂದು ಮಾತ್ರ ಕೇಳಬೇಡಿ. ಮೊದಲು ಅವಳ ಕಿವಿಯ ಮೇಲಿತ್ತು. ಈಗ, ನನ್ನ ಕಡೆ ನೋಡಿಯೂ "ನಾನೇ" ಎಂದಳಲ್ಲ, ಅದರ ಮೇಲೆ. ನಾನಾಗಿದ್ದರೆ ಅನ್ನುತ್ತಿರಲಿಲ್ಲ.