ಕಿಟಕಿ ಮುಚ್ಚುತ್ತಿದ್ದವರು

ನಮ್ಮ ಎರಡು ವರ್ಷದ ಮಗಳಿಗೆ ಎಣ್ಣೆ ಹಚ್ಚಿ ಮೀಯಿಸಲು ಅಮ್ಮತ್ತಿ ಊರಿನ ನಮ್ಮ ಮನೆಗೆ ಬರುತ್ತಿದ್ದ ಆ ಹೆಂಗಸು ಚಪ್ಪಲಿ ಬಿಡುವ ಮೊದಲೇ ಗಾಳಿ ಮೂಸುತ್ತಿದ್ದರು. ಎದುರಿನ ತೋಟದಲ್ಲಿ ಮದ್ದು ಹೊಡೆದಿದ್ದಾರೆಯೇ, ರಸ್ತೆಯ ಲಾರಿಗಳ ಹೊಗೆ ಒಳಗೆ ಬರುತ್ತಿದೆಯೇ, ನಮ್ಮ ನಾಯಿ ಹಾಸಿಗೆ ಹತ್ತಿದೆಯೇ, ಎಲ್ಲದರ ಮೇಲೂ ಅವರಿಗೆ ಅನುಮಾನ.

"ಈ ಗಾಳಿನ ನಂಬ್ಬೇಡಿ ಅಮ್ಮ," ಎನ್ನುತ್ತ ಒಂದೊಂದೇ ಕಿಟಕಿಯ ಚಿಲಕ ಹಾಕುತ್ತಿದ್ದರು. ಆಮೇಲೆ ಮಗುವಿನ ಒದ್ದೆ ಕೂದಲನ್ನು ಕೆಂಡದ ಮೇಲಿನ ಸಾಂಬ್ರಾಣಿ ಹೊಗೆಗೆ ಹಿಡಿದು, ಬೆರಳಾಡಿಸುತ್ತ ಒಣಗಿಸುತ್ತಿದ್ದರು. ಬಿಸಿಲೇ ಕಾಣದ ನಮ್ಮ ಮಳೆಗಾಲದಲ್ಲಿ ಅದು ನನಗೂ ಸರಿಯೆಂದೇ ತೋರುತ್ತಿತ್ತು.

ಮಗಳಿಗೆ ಉಬ್ಬಸ ಹೆಚ್ಚಿದಾಗ ಆಸ್ಪತ್ರೆಗೆ ಅವರೂ ಜೊತೆಗೆ ಬಂದರು. "ಮನೇಲಿ ಹೊಗೆ ಉಂಟಾ?" ಎಂದು ಡಾಕ್ಟರು ಕೇಳಿದ್ದು ನನ್ನನ್ನು, ಉತ್ತರ ಕೊಟ್ಟದ್ದು ಅವರು.

"ಎಲ್ಲಿಂದ ಬರ್ತದೆ ಡಾಕ್ಟ್ರೇ? ನಾನು ಕಿಟಕಿನೇ ತೆಗಿಯೋದಿಲ್ಲ."

ಡಾಕ್ಟರು ಬಗ್ಗಿ ಮಗುವಿನ ನೆತ್ತಿ ಮೂಸಿದರು. "ಮೊದಲು ಈ ಸಾಂಬ್ರಾಣಿ ನಿಲ್ಲಿಸಿ. ಕಿಟಕಿ ತೆಗೆದಿಡಿ," ಎಂದರು.

ಮನೆಯ ಗೇಟಿನ ಬಳಿ ಆಟೋದಿಂದ ಇಳಿದ ಮೇಲೆ ಅವರು ನನ್ನ ಕಿವಿಯ ಹತ್ತಿರ ಬಂದು, "ಆ ಡಾಕ್ಟ್ರನ್ನೂ ನಂಬ್ಬೇಡಿ," ಎಂದರು.

ಮರುದಿನ ಅವರು ಕೆಂಡ ಕೇಳಲಿಲ್ಲ. ಮಗುವಿನ ತಲೆಯನ್ನು ಒಣ ಬಟ್ಟೆಯಿಂದ ಒರೆಸಿ ಮಲಗಿಸಿ, ಕಿಟಕಿಯನ್ನು ತಾವೇ ತೆರೆದರು. ಆಮೇಲೆ ನಾನು ಎಷ್ಟು ಕರೆದರೂ ಕಾಫಿಗೆ ಬಾರದೆ, ಮಗು ಏಳುವವರೆಗೂ ಆ ಕಿಟಕಿಯ ಎದುರೇ ಕಾವಲು ಕೂತರು.