ಮರಿಯ ಮೇಲಿನ ನೆರಳು

ಗೆಳೆಯರೇ, ಫೋಟೋಗೆ ಬೆಳಕು ಬೇಕೆಂದು ಮಲಗಿದ ಮರಿಯ ಮೇಲಿನ ನೆರಳು ಕಡಿಯುವುದು ಅನ್ಯಾಯ. ಇವತ್ತು ನಮ್ಮ ಬಾಳೂರಿನ ಮನೆಯಲ್ಲೇ ಅದು ನಡೆಯುವುದರಲ್ಲಿತ್ತು. ಅಂಗಳದ ಪಕ್ಕದ ಕಾಫಿ ಗಿಡದ ಬುಡದಲ್ಲಿ ಕಾಡುಕುರಿ ಎನ್ನುವ ಪುಟ್ಟ ಜಿಂಕೆಯ ಮರಿ ಮಲಗಿತ್ತು. ಚಿಕ್ಕಪ್ಪ ಹೊಸ ಡಬ್ಬಿ ಕ್ಯಾಮೆರಾ ಕೆಳಗಿಟ್ಟು, ಕೊಂಬೆ ಕಡಿಯಲು ಕತ್ತಿ ಹಿಡಿದು ನೆರಳಿನ ಮರ ಹತ್ತಹೊರಟರು. ನಾನು ಮರ ತಬ್ಬಿ ನಿಂತು, "ದಬ್ಬಾಳಿಕೆಗೆ ಧಿಕ್ಕಾರ!" ಎಂದು ಕೂಗಿದೆ.

"ಮೆಲ್ಲಗೆ ಕೂಗು ಮಾರಾಯ, ಮರಿ ಹೆದರ್ತದೆ," ಎಂದರು ಚಿಕ್ಕಪ್ಪ.

"ಇಬ್ರೂ ಒಳಗೆ ಬನ್ನಿ. ಬೇಲಿಯಾಚೆ ತಾಯಿ ಕಾಯ್ತಾ ಉಂಟು," ಎಂದು ಚಿಕ್ಕಮ್ಮ ಗದರಿದರು.

ಕಿಟಕಿಯಿಂದ ನೋಡಿದೆವು. ತಾಯಿ ಬಂದು ಮರಿಯನ್ನು ನೆಕ್ಕಿ ಹಾಲೂಡಿಸಿತು. ಚಿಕ್ಕಪ್ಪ ಕ್ಯಾಮೆರಾ ಮರೆತು ನನ್ನ ಭುಜ ಹಿಡಿದು ನಿಂತಿದ್ದರು.

ಮರಿ ದೊಡ್ಡದಾಗುವವರೆಗೆ ನಮ್ಮನೆಯಲ್ಲಿ ಘೋಷಣೆ ಕೂಗುವಂತಿಲ್ಲ. ಹಾಗಾಗಿ ನೆರಳು ಉಳಿಸುವ ಸಭೆ ಕೊಟ್ಟಿಗೆಹಾರದ ಹೋಟೆಲಿನಲ್ಲಿ, ಭಾನುವಾರ ಬೆಳಿಗ್ಗೆ ಎಂಟಕ್ಕೆ.