ಬೇರೆ ಬಾಯಿ ಕಾಣದ ರಬ್ಬರು

ದೋಣಿಗಳ ತಳ ಕೆರೆಯುವ ಕೆಲಸಕ್ಕೆ ಸೇರಿ ಅವಳಿಗೆ ಆರು ವರ್ಷವಾಗಿತ್ತು. ಬಂದರಿನಲ್ಲಿ ಎಲ್ಲರೂ ಅವಳನ್ನು ಬಾತುಕೋಳಿ ಎನ್ನುತ್ತಿದ್ದರು. ನೀರಿನಡಿಯ ಪಾಚಿ, ಚಿಪ್ಪು, ಲೋಳೆ ಯಾವುದಕ್ಕೂ ಅವಳು ಮೂಗು ಮುರಿದವಳಲ್ಲ. ಹೇಸಿಗೆಯೆಲ್ಲ ಒಂದರ ಮೇಲೆ: ಸಿಲಿಂಡರಿನಿಂದ ಗಾಳಿ ತರುವ ರೆಗ್ಯುಲೇಟರಿನ ಬಾಯಿರಬ್ಬರು. ಹಲ್ಲಿನಲ್ಲಿ ಕಚ್ಚಿ ಉಸಿರಾಡಬೇಕಾದ ಆ ತುಂಡು ಐದು ಜನಕ್ಕೆ ಒಂದೇ. ಒಬ್ಬರು ಮೇಲೆ ಬಂದರೆ ಇನ್ನೊಬ್ಬರು ಅದನ್ನೇ ಕಚ್ಚಿಕೊಂಡು ಇಳಿಯಬೇಕು. ಮೇಸ್ತ್ರಿಯ ಹೊಗೆಸೊಪ್ಪಿನ ಘಾಟು ಅದರಲ್ಲಿ ಕಾಯಂ. ಯಾರದೋ ಕೋರೆಹಲ್ಲು ಕೊರೆದ ಗುಳಿಯಲ್ಲಿ ಅವಳ ಹಲ್ಲು ಹೇಳಿ ಮಾಡಿಸಿದಂತೆ ಕೂರುತ್ತಿತ್ತು. ಅದಂತೂ ಅವಳಿಗೆ ಸಹಿಸಲಾಗುತ್ತಿರಲಿಲ್ಲ.

ಕಳೆದ ವಾರ ನೀರಿನೊಳಗೇ ಹೊಟ್ಟೆ ತೊಳಸಿತು. ಬಾಯಿಂದ ತೆಗೆದರೆ ಉಸಿರಿಲ್ಲ. ಕಚ್ಚಿಕೊಂಡೇ, ಅದರೊಳಗೇ ವಾಂತಿ ಮಾಡಿದಳು. ಮೇಲೆ ಬಂದು ಹೇಳಿದರೆ, ಮೇಸ್ತ್ರಿ ಅದನ್ನು ಒಮ್ಮೆ ನೀರಿನಲ್ಲಿ ಅಲುಗಿಸಿ, ಚಡ್ಡಿಗೆ ಒರೆಸಿ ಬಾಯಿಗಿಟ್ಟುಕೊಂಡ.

"ಅಯ್ಯೋ, ಸರಿಯಾಗಿ ತೊಳ್ಕೊಳಣ್ಣ!"

"ಉಪ್ಪುನೀರಲ್ಲಿ ಎಲ್ಲಾ ಸಾಯತ್ತೆ ಬಿಡೇ."

ಅವತ್ತೇ ಅವಳು ನಿಶ್ಚಯಿಸಿದಳು. ಸ್ವಂತದ್ದಿಲ್ಲದೆ ಇನ್ನು ಇಳಿಯುವುದಿಲ್ಲ. ಇಳಿಯದಿದ್ದರೆ ಕೆಲಸವೇ ಇಲ್ಲ.

ಡೈವಿಂಗ್ ಸಾಮಾನಿನ ಅಂಗಡಿಗೆ ಜೊತೆಯಾಗಿ ಬಂದವಳು ಅಕ್ಕ, ಬಟ್ಟೆ ಹೊಲಿಯುವವಳು. ಅಂಗಡಿಯವನು ಮೊದಲು ಕಣ್ಣು ಮೂಗು ಮುಚ್ಚುವ ಗಾಜಿನ ಮಾಸ್ಕ್ ಒಂದನ್ನು, ಗುಲಾಬಿ ಬಣ್ಣದ್ದು, ಮುಂದಿಟ್ಟ.

"ಲೇಡೀಸ್‌ಗೆ ಇದು ತುಂಬಾ ಒಪ್ಪತ್ತೆ."

"ಅಲ್ಲಿ ನೋಡೋರು ಯಾರಪ್ಪ, ಏಡಿಗಳಾ?" ಎಂದಳು ಅಕ್ಕ.

ಅವಳು ಪಟ್ಟಿ ಹಾಕದೆ ಮಾಸ್ಕನ್ನು ಮುಖಕ್ಕೊತ್ತಿ, ಮೂಗಿನಲ್ಲಿ ಉಸಿರೆಳೆದು ಕೈಬಿಟ್ಟಳು. ಗುಲಾಬಿಯದ್ದು ಉದುರಿತು. ಇನ್ನೊಂದೂ ಉದುರಿತು. ಮೂರನೆಯದು, ಕಪ್ಪಗಿನದು, ಜಿಗಣೆಯಂತೆ ಹಿಡಿದುಕೊಂಡಿತು. ಆಮೇಲೆ ಮೈಗಂಟುವ ಈಜುಡುಗೆ. ಅಕ್ಕ ಹೊಲಿಗೆ ನೋಡಲೆಂದು ಒಳಗು ಹೊರಗು ಮಾಡಿದವಳೇ ಮುಖ ಹಿಂಡಿ, ಅದನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದಳು.

"ಯಾರೋ ಒಂದ್ಸಲ ಹಾಕಿ ನೋಡಿದ್ರು, ಅಷ್ಟೆ," ಎಂದ ಅಂಗಡಿಯವನು.

"ಹಾಕಿ ಉಚ್ಚೆನೂ ಹೊಯ್ದು ನೋಡಿದಾರೆ."

ಬೇರೆಯದು ಬಂತು. ಕೊನೆಗೆ ರೆಗ್ಯುಲೇಟರ್. ಗಟ್ಟಿ ಪ್ಲಾಸ್ಟಿಕ್ಕಿನೊಳಗೆ, ಒಡೆಯದ ಮುದ್ರೆಯೊಳಗೆ, ಯಾರ ಉಸಿರೂ ತಾಗದೆ ಮಲಗಿತ್ತು. ಅವಳು ಪೊಟ್ಟಣದ ಮೇಲಿಂದಲೇ ಅದನ್ನು ಸವರಿದಳು. ಅಷ್ಟರಲ್ಲಿ ಅಂಗಡಿಯವನು ಪೊಟ್ಟಣ ಹರಿದು, ಅಂಗಡಿಯ ಸಿಲಿಂಡರಿಗೆ ಜೋಡಿಸಿ, ತನ್ನ ಬಾಯಿಗೇ ತುರುಕಿಕೊಂಡು ಎರಡು ಸಲ ಜೋರಾಗಿ ಉಸಿರೆಳೆದ.

"ನೋಡಿ, ಬೆಣ್ಣೆ ಇದ್ದ ಹಾಗೆ!"

ಅವನ ತುಟಿಗೂ ರಬ್ಬರಿಗೂ ನಡುವೆ ಜೊಲ್ಲಿನ ಎಳೆಯೊಂದು ಹೊಳೆಯಿತು. ಅವಳು ಅದನ್ನು ಅವನತ್ತಲೇ ತಳ್ಳಿದಳು.

"ಬೇರೆ ಕೊಡಿ."

"ಇರೋದೇ ಇದೊಂದು. ಯಾಕಮ್ಮ, ನಂಗೇನು ರೋಗನಾ?"

"ಬಾಯಿರಬ್ಬರು ಬಿಡಿಯಾಗಿ ಸಿಗತ್ತಲ್ಲ, ಅದನ್ನ ತನ್ನಿ."

ಗೊಣಗುತ್ತ ಸಣ್ಣ ಪೊಟ್ಟಣವೊಂದನ್ನು ತಂದ. ಉಗುರಿಗೆ ಬಗ್ಗಲಿಲ್ಲವೆಂದು ಅದನ್ನು ಹಲ್ಲಿಗಿಡುವುದರಲ್ಲಿದ್ದ, ಅವಳು ಹಾರಿ ಕಸಿದುಕೊಂಡಳು. ಅಕ್ಕ ನಗು ತಡೆಯಲಾರದೆ ಚೀಲದಿಂದ ಕತ್ತರಿ ಕೊಟ್ಟಳು. ಅವನು ಕಚ್ಚಿದ ರಬ್ಬರನ್ನು ಬಿಗಿದಿದ್ದ ಪಟ್ಟಿ ಕತ್ತರಿಸಿ ಕಿತ್ತು, ಹೊಸ ರಬ್ಬರನ್ನು ಅವಳೇ ಕೂರಿಸಿದಳು.

ಸೋಮವಾರ ಬಂದರಿನ ಮೆಟ್ಟಿಲ ಮೇಲೆ ಮೇಸ್ತ್ರಿ ಕೈಚಾಚಿದ.

"ಏ ಬಾತುಕೋಳಿ, ಕೊಡೇ ಇಲ್ಲಿ. ಹೊಸದು ಹೇಗಿದೆ ನೋಡೋಣ."

ಉಳಿದ ಮೂವರೂ ಹತ್ತಿರ ಸರಿದರು. ಕೊಡದಿದ್ದರೆ ಜಂಬ ಎನ್ನುತ್ತಾರೆ. ಕೊಟ್ಟರೆ ಸಂಜೆಯೊಳಗೆ ಅದು ಐವರದ್ದಾಗುತ್ತದೆ. ಅವಳು ಅವನ ಕಣ್ಣೆದುರೇ ನಾಲಗೆ ಚಾಚಿ ರಬ್ಬರನ್ನು ಸುತ್ತಲೂ ನಿಧಾನವಾಗಿ ನೆಕ್ಕಿದಳು. ಒಳಗೂ ಒಮ್ಮೆ ನೆಕ್ಕಿ ಮುಂದೆ ಹಿಡಿದಳು.

"ತಗೋಳಣ್ಣ."

"ಥೂ! ಎಂಜಲು ಮಾಡಿ ಕೊಡ್ತೀಯಲ್ಲೇ, ಗಲೀಜು!"

ಮೇಸ್ತ್ರಿ ಕೈ ಹಿಂದಕ್ಕೆಳೆದುಕೊಂಡು ನೀರಿಗೆ ಉಗುಳಿದ. ಅವಳು ಕಚ್ಚಿಕೊಂಡು ಇಳಿದಳು. ಹೊಸ ರಬ್ಬರು ಟೈರಿನ ಹಾಗೆ ಕಹಿಯಾಗಿತ್ತು, ಬೇರೆ ಯಾವ ರುಚಿಯೂ ಇರಲಿಲ್ಲ. ಒಮ್ಮೆ ತಲೆಯೆತ್ತಿ ನೋಡಿದಳು. ಅವನ ಕಂದು ಉಗುಳು ಬೆಳಕಿನಲ್ಲಿ ಬಿಚ್ಚಿಕೊಳ್ಳುತ್ತ ತನ್ನತ್ತಲೇ ಇಳಿದು ಬರುತ್ತಿತ್ತು. ಅವಳು ದೋಣಿಯ ಅಡಿಗೆ ಸರಿದುಕೊಂಡಳು.